ಡಿಎನ್‌ಎ ರಿಪೇರಿಗೆ ಇರೋ ಎಟಿಎಂ ಜೀನ್ ಕೆಟ್ರೆ ಮಗುವಿನ ನಡಿಗೆ ಯಾಕೆ ಹಾಳಾಗುತ್ತೆ?

ಪ್ರಶ್ನೆ: ನನ್ನ ಮಗನಿಗೆ ಏಳು ವರ್ಷ. ನಡೆಯೋಕೆ ಶುರು ಮಾಡಿದಾಗಿಂದ್ಲೂ ತೂರಾಡ್ತಿದ್ದ, ಸೆರೆಬ್ರಲ್ ಪಾಲ್ಸಿ ಅಂದಿದ್ರು. ಈಗ ಎರಡು ವರ್ಷದಿಂದ ಜಾಸ್ತಿ ಬೀಳ್ತಾನೆ, ಮಾತು ಎಳೆದಂಗೆ ಆಗಿದೆ, ಕಣ್ಣಿನ ಬಿಳಿ ಭಾಗದಲ್ಲಿ ಕೆಂಪು ಗೆರೆಗಳು, ಕೆಮ್ಮು ನೆಗಡಿ ಬಿಡೋದೇ ಇಲ್ಲ. ಜೆನೆಟಿಕ್ ಟೆಸ್ಟ್‌ನಲ್ಲಿ ಎಟಿಎಂ ಜೀನ್‌ನಲ್ಲಿ ಹೋಮೋಜೈಗಸ್ ದೋಷ (ಜೀನಿನ ಎರಡೂ ಪ್ರತಿಯಲ್ಲಿ ಒಂದೇ ದೋಷ), ಅಟಾಕ್ಸಿಯಾ ಟೆಲಾಂಜಿಯೆಕ್ಟೇಶಿಯಾ ಅಂತ ಬಂತು. ಇದು ಡಿಎನ್‌ಎ ರಿಪೇರಿ ಜೀನ್ ಅಂತಾರೆ, ಹಾಗಿದ್ರೆ ತೊಂದರೆ ಮೆದುಳಿಗೆ ಯಾಕೆ? ನಾನು ಸೋದರಮಾವನ್ನೇ ಮದುವೆ ಆಗಿರೋದು, ಅದಕ್ಕೇ ಹೀಗಾಯ್ತಾ? ಎರಡು ವರ್ಷದ ಮಗಳಿದ್ದಾಳೆ, ಅವಳಿಗೂ ಬರುತ್ತಾ? ನಮ್ಮಜ್ಜಿಗೆ (ಈಗ ಅತ್ತೆನೂ ಅವರೇ) ಮರೆವು ಶುರುವಾಗಿದೆ, ಅದೂ ಇದೇನಾ? ಸ್ಟೆಮ್ ಸೆಲ್ ಹಾಕಿಸಿದ್ರೆ ಸರಿ ಹೋಗುತ್ತೆ ಅಂತ ಒಬ್ಬರು ಹೇಳ್ತಿದ್ದಾರೆ, ಹಾಕಿಸಬಹುದಾ?

ಉತ್ತರ: ನೋಡಿ ಅಮ್ಮ, ನೀವು ಕೇಳದೇ ಇರೋ ಒಂದು ವಿಷಯ ಮೊದಲು ಹೇಳಿಬಿಡ್ತೀನಿ, ಯಾಕಂದ್ರೆ ಅದು ಇವತ್ತಿಂದಲೇ ಪಾಲಿಸಬೇಕಾದ್ದು. ನಿಮ್ಮ ಮಗನಿಗೆ ಎಕ್ಸ್‌ರೇ, ಸಿಟಿ ಸ್ಕ್ಯಾನ್ ಅಂತ ಯಾರೇ ಬರೆದರೂ, ಹಲ್ಲಿನ ಡಾಕ್ಟರೇ ಆಗಿರಲಿ, "ಇವನಿಗೆ ಅಟಾಕ್ಸಿಯಾ ಟೆಲಾಂಜಿಯೆಕ್ಟೇಶಿಯಾ ಇದೆ, ರೇಡಿಯೇಷನ್ ತಡೆಯಲ್ಲ" ಅಂತ ನೀವೇ ಬಾಯಿಬಿಟ್ಟು ಹೇಳಬೇಕು. ಅವರು ಫೈಲ್ ಓದಿರ್ತಾರೆ ಅಂತ ಅಂದ್ಕೋಬೇಡಿ. ಎಂಆರ್‌ಐ ಮತ್ತು ಅಲ್ಟ್ರಾಸೌಂಡ್‌ನಲ್ಲಿ ಆ ಥರದ ರೇಡಿಯೇಷನ್ ಇಲ್ಲ, ಅವು ಪರವಾಗಿಲ್ಲ. ನ್ಯುಮೋನಿಯಾ ಇದೆಯಾ ನೋಡೋಕೆ ಒಂದು ಎದೆ ಎಕ್ಸ್‌ರೇ ಬೇಕೇ ಬೇಕು ಅಂದ್ರೆ ತೆಗೆಸಿ, ಹೆದರಿಕೊಂಡು ಬೇಡ ಅನ್ನಬೇಡಿ, ಆದ್ರೆ ಸುಮ್ಮನೆ ಒಂದು ನೋಡಿಬಿಡೋಣ ಅಂತ ಬರೆಯೋ ಸಿಟಿ ಸ್ಕ್ಯಾನ್‌ಗಳು ಇವನಿಗೆ ಬೇಡ. ಈ ಎಚ್ಚರಿಕೆ ಎಲ್ಲಿಂದ ಬಂತು ಅಂದ್ರೆ, 1960ರ ದಶಕದಲ್ಲಿ ಈ ಕಾಯಿಲೆ ಇದ್ದ ಮಕ್ಕಳಿಗೆ ಕ್ಯಾನ್ಸರ್ ಬಂದಾಗ ಎಲ್ಲರಿಗೂ ಕೊಡೋ ಡೋಸಿನ ರೇಡಿಯೇಷನ್ನೇ ಕೊಟ್ರು, ಮಕ್ಕಳ ಮೈ ಅದನ್ನ ತಡೀಲಿಲ್ಲ, ಭಯಂಕರ ಸುಟ್ಟಗಾಯಗಳಾಗಿ ಜೀವಕ್ಕೇ ಬಂತು. 1975ರಲ್ಲಿ ಲ್ಯಾಬ್‌ನಲ್ಲಿ ಈ ಮಕ್ಕಳ ಚರ್ಮದ ಕೋಶಗಳನ್ನ ಬೆಳೆಸಿ ನೋಡಿದಾಗಲೂ ಅದೇ ಕಂಡಿತು, ಬೇರೆಯವರ ಕೋಶ ಸುಧಾರಿಸಿಕೊಳ್ಳೋ ಡೋಸಿಗೆ ಇವು ಸಾಯ್ತಿದ್ವು. ಈ ಕಾಯಿಲೆಗೂ ಡಿಎನ್‌ಎ ರಿಪೇರಿಗೂ ನಂಟಿದೆ ಅನ್ನೋದು ಗಟ್ಟಿಯಾಗಿದ್ದು ಹಾಗೆ.

ಈಗ ಆ ಜೀನ್ ಏನು ಮಾಡುತ್ತೆ ಅನ್ನೋದಕ್ಕೆ ಬರ್ತೀನಿ. ನಮ್ಮ ಒಂದೊಂದು ಕೋಶದಲ್ಲೂ ಸುಮಾರು ಎರಡು ಮೀಟರ್ ಉದ್ದದ ಡಿಎನ್‌ಎ ಸುತ್ತಿಕೊಂಡಿರುತ್ತೆ, ಮತ್ತೆ ಅದಕ್ಕೆ ದಿನಾ ಸಾವಿರಾರು ಸಣ್ಣಪುಟ್ಟ ಪೆಟ್ಟುಗಳು ಬೀಳ್ತಾನೇ ಇರ್ತವೆ, ಹೊರಗಿನ ರೇಡಿಯೇಷನ್ನಿಂದ ಅಂತೇನಲ್ಲ, ನಾವು ಉಸಿರಾಡೋ ಆಕ್ಸಿಜನ್ನಿಂದ, ಕೋಶ ಶಕ್ತಿ ತಯಾರಿಸೋವಾಗ ಹುಟ್ಟೋ ರಾಸಾಯನಿಕಗಳಿಂದ. ಇದರಲ್ಲಿ ಅತಿ ಅಪಾಯದ್ದು ಅಂದ್ರೆ ಎರಡೂ ಎಳೆ ಒಟ್ಟಿಗೆ ತುಂಡಾಗೋದು. ಎಟಿಎಂ ಪ್ರೋಟೀನು ತಾನೇ ಕೂತು ಹೊಲಿಗೆ ಹಾಕಲ್ಲ. ಕೆರೆ ಏರಿ ಒಡೆದದ್ದನ್ನ ಮೊದಲು ಕಂಡು, ಊರವರನ್ನ ಕೂಗಿ ಕರೆದು, ತೂಬು ಮುಚ್ಚಿಸೋ ನೀರಗಂಟಿಯ ಕೆಲಸ ಅದರದ್ದು. ಎಮ್‌ಆರ್‌ಎನ್ ಅಂತ ಮೂರು ಪ್ರೋಟೀನುಗಳ ಒಂದು ಗುಂಪು ತುಂಡಾದ ತುದಿಯನ್ನ ಹಿಡಿಯುತ್ತೆ, ಅಲ್ಲಿಗೆ ಎಟಿಎಂ ಬಂದು ಚುರುಕಾಗುತ್ತೆ, ಆಮೇಲೆ ನೂರಾರು ಬೇರೆ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸಿ ಎಬ್ಬಿಸುತ್ತೆ. ಕೋಶ ವಿಭಜನೆ ನಿಲ್ಲಿಸೋಕೆ ಪಿ53 ಮತ್ತು ಚೆಕ್2, ರಿಪೇರಿಗೆ ಬಿಆರ್‌ಸಿಎ1, ಹೀಗೆ. ರಿಪೇರಿ ಆಗದಷ್ಟು ಹಾಳಾಗಿದ್ರೆ ಆ ಕೋಶ ತಾನಾಗೇ ಸಾಯೋ ಹಾಗೆ ಮಾಡೋದರಲ್ಲೂ ಇದರ ಕೈ ಇದೆ. ಜೀನ್ ಇರೋದು 11ನೇ ಕ್ರೋಮೋಸೋಮಿನಲ್ಲಿ, ಆ ಜಾಗ ಗೊತ್ತಾಗಿದ್ದು 1988ರಲ್ಲಿ, ಜೀನ್ ಕೈಗೆ ಸಿಕ್ಕಿದ್ದು 1995ರಲ್ಲಿ ಟೆಲ್ ಅವೀವ್ ಯೂನಿವರ್ಸಿಟಿಯ ಯೋಸೆಫ್ ಶಿಲೋ ಅವರ ತಂಡಕ್ಕೆ. ಪ್ರೋಟೀನು ತುಂಬಾ ದೊಡ್ಡದು, 3,056 ಅಮೈನೋ ಆಸಿಡ್ ಉದ್ದ, ಅದಕ್ಕೇ ವೈರಸ್‌ನಲ್ಲಿಟ್ಟು ಹೊಸ ಜೀನ್ ತಲುಪಿಸೋ ಜೀನ್ ಥೆರಪಿ ಇದರಲ್ಲಿ ಕಷ್ಟ, ಸಾಮಾನ್ಯವಾಗಿ ಬಳಸೋ ವೈರಸ್ಸಿನ ಒಳಗೆ ಇದು ಹಿಡಿಸೋದೇ ಇಲ್ಲ.

ಸರಿ, ಮೈಯಲ್ಲಿ ಎಲ್ಲ ಕೋಶಕ್ಕೂ ಇದು ಬೇಕಲ್ಲ, ಹಾಗಿದ್ದ ಮೇಲೆ ನಡಿಗೆಯೇ ಯಾಕೆ ಕೆಡುತ್ತೆ? ನೀವು ಕೇಳಿರೋ ಪ್ರಶ್ನೆಗಳಲ್ಲಿ ವಿಜ್ಞಾನಿಗಳಿಗೂ ನಿದ್ದೆ ಕೆಡಿಸಿರೋದು ಇದೇ. ತಲೆಯ ಹಿಂಭಾಗದಲ್ಲಿ ಕಿರುಮೆದುಳು ಅಂತ ಇದೆ, ತೂಕದಲ್ಲಿ ಇಡೀ ಮೆದುಳಿನ ಹತ್ತನೇ ಒಂದು ಭಾಗ, ಆದ್ರೆ ಒಟ್ಟು ನರಕೋಶಗಳಲ್ಲಿ ಸುಮಾರು 80% ಅಲ್ಲೇ ಇರೋದು. ನಡೆಯುವಾಗ ತೂಕ ಸರಿದೂಗಿಸೋದು, ಲೋಟ ಹಿಡಿಯುವಾಗ ಕೈ ನಡುಗದ ಹಾಗೆ ನೋಡಿಕೊಳ್ಳೋದು, ಮಾತಿನ ಲಯ, ಕಣ್ಣು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳೋದು, ಎಲ್ಲ ಅದರ ಕೆಲಸ. ಅದರಲ್ಲಿ ಪರ್ಕಿಂಜಿ ಅನ್ನೋ ದೊಡ್ಡ ಕೋಶಗಳಿವೆ, ಕಿರುಮೆದುಳಿನ ಹೊರಪದರದ ಲೆಕ್ಕಾಚಾರವೆಲ್ಲ ಹೊರಗೆ ಹೋಗೋದು ಇವುಗಳ ಮೂಲಕವೇ, ಬೇರೆ ದಾರಿ ಇಲ್ಲ. ಒಂದೊಂದಕ್ಕೂ ಲಕ್ಷಕ್ಕಿಂತ ಹೆಚ್ಚು ಸಂಪರ್ಕ, ಸೆಕೆಂಡಿಗೆ ಹತ್ತಾರು ಸಲ ತಾವಾಗಿಯೇ ಮಿಡೀತಾ ಇರ್ತವೆ, ನಿದ್ದೆಯಲ್ಲೂ. ಇಷ್ಟು ಕೆಲಸಕ್ಕೆ ಶಕ್ತಿ ತುಂಬಾ ಬೇಕು, ಶಕ್ತಿ ಹೆಚ್ಚು ಉರಿದಷ್ಟೂ ಡಿಎನ್‌ಎಗೆ ಬೀಳೋ ಆಕ್ಸಿಡೇಷನ್ ಪೆಟ್ಟೂ ಹೆಚ್ಚು, ಮತ್ತೆ ಜೀನುಗಳನ್ನ ಸದಾ ತೆರೆದು ಓದ್ತಾ ಇರೋದರಿಂದ ಆ ಓದುವಿಕೆಯಲ್ಲೇ ಎಳೆ ಹರಿಯೋದೂ ಉಂಟು. ಚರ್ಮದ ಕೋಶ, ರಕ್ತದ ಕೋಶ ಹಾಳಾದ್ರೆ ಹೊಸದು ಹುಟ್ಟುತ್ತೆ. ಪರ್ಕಿಂಜಿ ಕೋಶ ಹುಟ್ಟೋದು ತಾಯಿ ಹೊಟ್ಟೆಯಲ್ಲಿದ್ದಾಗ ಒಂದೇ ಸಲ, ಅಷ್ಟೇ ಜೀವನಪೂರ್ತಿ. ಹಾಗಾಗಿ ರಿಪೇರಿಯಾಗದೆ ಉಳಿದ ಪೆಟ್ಟುಗಳು ವರ್ಷ ವರ್ಷಕ್ಕೆ ಅಲ್ಲೇ ಸೇರ್ತಾ ಹೋಗ್ತವೆ, ಕೋಶಗಳು ನಿಧಾನವಾಗಿ ಕಡಿಮೆಯಾಗ್ತವೆ.

ಇದಿಷ್ಟೇ ಪೂರ್ತಿ ಕಾರಣ ಅಂತ ನಾನು ಹೇಳಲ್ಲ. ಎಟಿಎಂ ಬರೀ ನ್ಯೂಕ್ಲಿಯಸ್ ಒಳಗೆ ಕೂರೋ ಪ್ರೋಟೀನ್ ಅಲ್ಲ, ಡಿಎನ್‌ಎ ತುಂಡಾಗದೇ ಇದ್ದಾಗಲೂ ಆಕ್ಸಿಡೇಷನ್ ಒತ್ತಡ ಹೆಚ್ಚಾದ್ರೆ ಅದು ನೇರವಾಗಿ ಚುರುಕಾಗುತ್ತೆ ಅಂತ 2010ರಲ್ಲಿ ಗೊತ್ತಾಯ್ತು, ಮೈಟೋಕಾಂಡ್ರಿಯಾ ಆರೋಗ್ಯಕ್ಕೂ ಅದರ ನಂಟಿದೆ. ಇನ್ನೊಂದು ಗೋಜಲು ಏನಂದ್ರೆ, 1996ರಲ್ಲೇ ಈ ಜೀನ್ ಇಲ್ಲದ ಇಲಿಗಳನ್ನ ಮಾಡಿದ್ರು, ಅವಕ್ಕೆ ರಕ್ತದ ಕ್ಯಾನ್ಸರ್ ಬಂತು, ರೇಡಿಯೇಷನ್ ತಡೀಲಿಲ್ಲ, ಆದ್ರೆ ಕಿರುಮೆದುಳು ಮಕ್ಕಳಲ್ಲಿ ಸವೆಯೋ ಹಾಗೆ ಸವೆಯಲಿಲ್ಲ. ಔಷಧಿ ಹುಡುಕಾಟ ಇಷ್ಟು ನಿಧಾನ ಆಗೋಕೆ ಇದೂ ಒಂದು ದೊಡ್ಡ ಕಾರಣ, ಇಲಿಯಲ್ಲಿ ಕಾಣದ ತೊಂದರೆಗೆ ಇಲಿಯಲ್ಲಿ ಔಷಧಿ ಪರೀಕ್ಷೆ ಮಾಡೋದು ಹೇಗೆ ಹೇಳಿ.

ಆದ್ರೂ ರಿಪೇರಿಗೂ ಕಿರುಮೆದುಳಿಗೂ ನಂಟಿದೆ ಅನ್ನೋದನ್ನ ನಾನು ಗಟ್ಟಿಯಾಗಿ ನಂಬೋದು ಯಾಕಂದ್ರೆ ಇದೊಂದೇ ಜೀನ್ ಅಲ್ಲ. 2001ರಲ್ಲಿ ಎಪಿಟಿಎಕ್ಸ್, ಮುಂದಿನ ವರ್ಷ ಟಿಡಿಪಿ1, ಆಮೇಲೆ ಪಿಎನ್‌ಕೆಪಿ, 2017ರಲ್ಲಿ ಎಕ್ಸ್‌ಆರ್‌ಸಿಸಿ1, ಇವೆಲ್ಲ ಡಿಎನ್‌ಎಯ ಒಂದು ಎಳೆ ಹರಿದಾಗ ಸರಿಪಡಿಸೋ ಜೀನುಗಳು, ಇವುಗಳಲ್ಲಿ ಯಾವುದು ಕೆಟ್ಟರೂ ತೂರಾಡೋ ನಡಿಗೆ ಇರೋ ಕಾಯಿಲೆ ಬರಬಹುದು. ಮೇಲೆ ಹೇಳಿದ ಎಮ್‌ಆರ್‌ಎನ್ ಗುಂಪಿನಲ್ಲಿ ಎಮ್‌ಆರ್‌ಇ11 ಕೆಟ್ರೆ ನಿಮ್ಮ ಮಗನ ಕಾಯಿಲೆಗೆ ತುಂಬಾ ಹತ್ತಿರದ್ದೇ ಬರುತ್ತೆ, ಅದೇ ಗುಂಪಿನ ಎನ್‌ಬಿಎಸ್1 ಕೆಟ್ರೆ ಮಾತ್ರ ತಲೆ ಸಣ್ಣದಾಗಿ ಹುಟ್ಟುತ್ತೆ, ಹೀಗೆ ನಡಿಗೆ ಕೆಡಲ್ಲ. ಒಂದೇ ಜಾಗದಲ್ಲಿ ಒಟ್ಟಿಗೆ ಕೆಲಸ ಮಾಡೋ ಪ್ರೋಟೀನುಗಳು, ಕಾಯಿಲೆ ಬೇರೆ ಬೇರೆ.

ಅಜ್ಜಿಯ ಮರೆವು ಇದಲ್ಲ. ಎ-ಟಿ (ಅಟಾಕ್ಸಿಯಾ ಟೆಲಾಂಜಿಯೆಕ್ಟೇಶಿಯಾ) ಬರೋಕೆ ಅಪ್ಪ ಅಮ್ಮನಿಂದ ಒಂದೊಂದಾಗಿ ಬರೋ ಜೀನಿನ ಎರಡೂ ಪ್ರತಿ ಕೆಡಬೇಕು, ಅದು ಹೆಚ್ಚಾಗಿ ಬಾಲ್ಯದಲ್ಲೇ ಕಾಣಿಸಿಕೊಳ್ಳುತ್ತೆ. ಒಂದು ಪ್ರತಿ ಮಾತ್ರ ಕೆಟ್ಟಿರೋರಿಗೆ ಈ ನಡಿಗೆ ತೊಂದರೆ ಬರಲ್ಲ. ವಯಸ್ಸಾದ ಮೇಲಿನ ಮೆದುಳಿನ ಕಾಯಿಲೆಗಳಲ್ಲೂ ರಿಪೇರಿ ಜೀನುಗಳ ಪಾತ್ರ ಇರೋದಿದೆ, ಉದಾಹರಣೆಗೆ ಹಂಟಿಂಗ್ಟನ್ ಕಾಯಿಲೆ ಯಾವ ವಯಸ್ಸಿಗೆ ಶುರುವಾಗುತ್ತೆ ಅನ್ನೋದನ್ನ ಎಫ್‌ಎಎನ್1, ಎಮ್‌ಎಸ್‌ಎಚ್3 ಥರದ ಜೀನುಗಳು ಹಿಂದೆ ಮುಂದೆ ಮಾಡ್ತವೆ, ಆದ್ರೆ ಅದು ಬೇರೆಯೇ ಕಥೆ. ಅಜ್ಜಿಯನ್ನ ಒಬ್ಬ ನ್ಯೂರಾಲಜಿಸ್ಟ್‌ಗೆ ತೋರಿಸಿ, ಬಿ12, ಥೈರಾಯ್ಡ್ ನೋಡಿಸಿ. ಅಷ್ಟು ಸಾಕು.

ಮೊದಲು ಸೆರೆಬ್ರಲ್ ಪಾಲ್ಸಿ ಅಂದಿದ್ದಕ್ಕೆ ಬೇಜಾರಾಗಿರ್ತೀರಿ, ಇದು ಬಹಳ ಮನೆಗಳಲ್ಲಿ ಆಗುತ್ತೆ. ಎರಡರಿಂದ ನಾಲ್ಕು ವರ್ಷದ ತನಕ ಮಗು ಬೆಳೆಯುತ್ತಾ ಹೊಸದು ಕಲಿಯೋ ವೇಗ ಒಂದು ಕಡೆ, ಕಾಯಿಲೆ ಹಿಂದಕ್ಕೆ ಎಳೆಯೋ ವೇಗ ಇನ್ನೊಂದು ಕಡೆ, ಎರಡೂ ಸರಿಸಮ ಆಗಿ ಸ್ವಲ್ಪ ಸುಧಾರಿಸಿದ ಹಾಗೂ ಕಾಣುತ್ತೆ, ಆ ವಯಸ್ಸಲ್ಲಿ ಎಂಆರ್‌ಐ ಕೂಡ ನಾರ್ಮಲ್ ಬರಬಹುದು, ಕಣ್ಣಿನ ಕೆಂಪು ಗೆರೆ ಬರೋದು ಹೆಚ್ಚಾಗಿ ಮೂರರಿಂದ ಆರು ವರ್ಷದೊಳಗೆ, ಕೆಲವರಿಗೆ ಇನ್ನೂ ತಡವಾಗಿ. ನನಗೆ ಬೇಸರ ಆಗೋದು ಇನ್ನೊಂದು ಕಾರಣಕ್ಕೆ: ಆಲ್ಫಾ ಫೀಟೋಪ್ರೋಟೀನ್ ಅಂತ ಒಂದು ಸಾಧಾರಣ ರಕ್ತ ಪರೀಕ್ಷೆ ಇದೆ, ಯಾವ ದೊಡ್ಡ ಲ್ಯಾಬ್‌ನಲ್ಲೂ ಮಾಡ್ತಾರೆ, ಎ-ಟಿ ಇರೋ ಮಕ್ಕಳಲ್ಲಿ ಸುಮಾರು 95% ಜನಕ್ಕೆ ಅದು ಹೆಚ್ಚಿರುತ್ತೆ, ತೂರಾಡೋ ಮಗುವಿಗೆ ಇದೊಂದನ್ನ ಬರೆದುಬಿಟ್ರೆ ಎಷ್ಟೋ ಮನೆಯವರ ವರ್ಷಗಟ್ಟಲೆ ಅಲೆದಾಟ ತಪ್ಪುತ್ತೆ. ಇದನ್ನ ಓದೋ ಮಕ್ಕಳ ಡಾಕ್ಟರುಗಳು ದಯವಿಟ್ಟು ನೆನಪಿಡಿ.

ಈಗ ಮಗನನ್ನ ನೋಡಿಕೊಳ್ಳೋ ವಿಷಯ. ಮನೆಯವರೆಲ್ಲರ ಕಣ್ಣು ನಡಿಗೆ ಮೇಲೆ ಇರುತ್ತೆ, ಅದು ಸಹಜ, ಆದ್ರೆ ಈ ಮಕ್ಕಳ ಜೀವಕ್ಕೆ ಕುತ್ತು ತರೋದು ನಡಿಗೆ ಅಲ್ಲ, ಶ್ವಾಸಕೋಶ ಮತ್ತೆ ಕ್ಯಾನ್ಸರ್. ಎಟಿಎಂ ಇಲ್ಲದಿದ್ರೆ ರೋಗನಿರೋಧಕ ಕೋಶಗಳೂ ಸರಿಯಾಗಿ ತಯಾರಾಗಲ್ಲ, ಯಾಕಂದ್ರೆ ಆ ಕೋಶಗಳು ಬಗೆಬಗೆಯ ಆಂಟಿಬಾಡಿ ಮಾಡೋಕೆ ತಮ್ಮ ಡಿಎನ್‌ಎಯನ್ನ ತಾವೇ ಕತ್ತರಿಸಿ ಜೋಡಿಸಿಕೊಳ್ಳಬೇಕು, ಆ ಜೋಡಣೆಯೇ ಇವರಲ್ಲಿ ಎಡವಟ್ಟಾಗೋದು. ಅದೇ ಎಡವಟ್ಟು ಮುಂದೆ ಲ್ಯುಕೇಮಿಯಾ, ಲಿಂಫೋಮಾಕ್ಕೂ ದಾರಿ ಮಾಡುತ್ತೆ, ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಯಾವುದಾದ್ರೂ ಕ್ಯಾನ್ಸರ್ ಬರುತ್ತೆ. ಹಾಗಾಗಿ ಇಮ್ಯುನೋಗ್ಲೋಬ್ಯುಲಿನ್ (ರಕ್ತದಲ್ಲಿರೋ ಆಂಟಿಬಾಡಿ) ಮಟ್ಟ ಮತ್ತು ಲಿಂಫೋಸೈಟ್ ಎಣಿಕೆ ಒಮ್ಮೆ ಮಾಡಿಸಿ ಇಮ್ಯುನಾಲಜಿ ಗೊತ್ತಿರೋ ಡಾಕ್ಟರಿಗೆ ತೋರಿಸಿ, ಕೆಲವು ಮಕ್ಕಳಿಗೆ ಇಮ್ಯುನೋಗ್ಲೋಬ್ಯುಲಿನ್ ಕೊಟ್ರೆ ಸೋಂಕು ನಿಜವಾಗಿಯೂ ಕಡಿಮೆಯಾಗುತ್ತೆ. ಫ್ಲೂ ಲಸಿಕೆ ಪ್ರತಿ ವರ್ಷ, ಇವನಿಗಷ್ಟೇ ಅಲ್ಲ ಮನೆಯಲ್ಲಿ ಎಲ್ಲರಿಗೂ. ಜೀವಂತ ವೈರಸ್ ಇರೋ ಲಸಿಕೆಗಳನ್ನ ಮಾತ್ರ ಆ ಡಾಕ್ಟರನ್ನ ಕೇಳದೆ ಹಾಕಿಸಬೇಡಿ. ಕುತ್ತಿಗೆ, ಕಂಕುಳಲ್ಲಿ ಗಂಟು ಹೋಗದೇ ಉಳಿದ್ರೆ, ಕಾರಣ ಇಲ್ಲದ ಜ್ವರ, ತೂಕ ಇಳಿಯೋದು, ಮೈಮೇಲೆ ನೀಲಿ ಕಲೆ ಕಂಡ್ರೆ ಕಾಯಬೇಡಿ. ಒಂದು ವೇಳೆ ಕ್ಯಾನ್ಸರ್ ಅಂತಾದ್ರೆ ಚಿಕಿತ್ಸೆ ಇದೆ, ಆದ್ರೆ ರೇಡಿಯೇಷನ್ ಬಿಟ್ಟು, ಕೀಮೋ ಡೋಸ್ ಹೊಂದಿಸಿ ಕೊಡಬೇಕು, ಅದಕ್ಕೇ ಮೊದಲೇ ಹೇಳಿದ್ದು ಕಾಯಿಲೆ ಹೆಸರು ಎಲ್ಲರಿಗೂ ಹೇಳಿ ಅಂತ.

ಊಟದ ಹೊತ್ತಲ್ಲಿ ಗಮನಿಸಿ. ನೀರು, ತಿಳಿಸಾರು, ಮಜ್ಜಿಗೆ ಕುಡಿಯುವಾಗ ಕೆಮ್ಮು ಬರುತ್ತಾ, ಊಟಕ್ಕೆ ಮುಕ್ಕಾಲು ಗಂಟೆ ಮೇಲೆ ಹಿಡಿಯುತ್ತಾ, ತೂಕ ಏರ್ತಾ ಇಲ್ವಾ? ಹಾಗಿದ್ರೆ ನುಂಗುವಾಗ ಸ್ವಲ್ಪ ಸ್ವಲ್ಪ ಶ್ವಾಸಕೋಶಕ್ಕೆ ಇಳೀತಿದೆ ಅಂತ ಅನುಮಾನಪಡಬೇಕು, ನಿಮ್ಮ ಮಗನ ಬಿಡದ ಕೆಮ್ಮಿಗೆ ಇದೂ ಕಾರಣ ಇರಬಹುದು. ಸ್ಪೀಚ್ ಥೆರಪಿಸ್ಟ್ ಹತ್ರ ನುಂಗೋದನ್ನ ಪರೀಕ್ಷೆ ಮಾಡಿಸಿ. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ತಗ್ಗಿಸಿ, ತೆಳ್ಳಗಿರೋದನ್ನ ಕಡಿಮೆ ಮಾಡಿ ಗಂಜಿ ಹದಕ್ಕೆ ಮಾಡಿ ಕೊಡೋದು ಬಹಳ ಮಕ್ಕಳಿಗೆ ಅನುಕೂಲ ಆಗುತ್ತೆ. ಮುಂದೆ ಯಾವಾಗಲಾದ್ರೂ ಹೊಟ್ಟೆಗೆ ಟ್ಯೂಬ್ ಹಾಕೋ ಮಾತು ಬಂದ್ರೆ ಅದನ್ನ ಸೋಲು ಅಂತ ತಿಳೀಬೇಡಿ, ಮಗು ಗಟ್ಟಿಯಾಗಿದ್ದಾಗಲೇ ಹಾಕಿಸಿದೋರಿಗೆ ಒಳ್ಳೇದಾಗಿರೋದನ್ನ ನೋಡಿದ್ದೀನಿ.

ಸ್ಟೆಮ್ ಸೆಲ್ ಬೇಡ. ಇದನ್ನ ನಾನು ಸ್ಪಷ್ಟವಾಗಿ ಹೇಳ್ತೀನಿ, ಮನೆ ಮಾರಿ, ಒಡವೆ ಅಡ ಇಟ್ಟು ಹಾಕಿಸಿಕೊಂಡು ಬಂದೋರು ಇದ್ದಾರೆ. ಇದೇ ಎ-ಟಿ ಇದ್ದ ಇಸ್ರೇಲಿನ ಒಬ್ಬ ಹುಡುಗನಿಗೆ ಮಾಸ್ಕೋದಲ್ಲಿ ಭ್ರೂಣದ ನರ ಸ್ಟೆಮ್ ಸೆಲ್‌ಗಳನ್ನ ಮೆದುಳಿಗೆ ಹಾಕಿಸಿದ್ರು, ಕೆಲವು ವರ್ಷದ ಮೇಲೆ ಮೆದುಳಲ್ಲೂ ಬೆನ್ನುಹುರಿಯಲ್ಲೂ ಗೆಡ್ಡೆ ಬಂತು, ಪರೀಕ್ಷೆ ಮಾಡಿದ್ರೆ ಆ ಗೆಡ್ಡೆ ಹುಡುಗನ ಸ್ವಂತ ಕೋಶದಿಂದ ಬಂದಿದ್ದಲ್ಲ, ಕೊಟ್ಟ ಕೋಶಗಳಿಂದಲೇ ಬೆಳೆದದ್ದು. 2009ರಲ್ಲಿ ಇದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯ್ತು. ನಮ್ಮ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರನೂ ಒಪ್ಪಿಗೆ ಇರೋ ರಕ್ತದ ಕಾಯಿಲೆಗಳಂಥವಕ್ಕೆ ಮಾಡೋ ಮೂಳೆ ಮಜ್ಜೆ ಕಸಿ ಬಿಟ್ರೆ, ಬೇರೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನ ಒಪ್ಪಿಗೆ ಪಡೆದ ಟ್ರಯಲ್ ಹೊರಗೆ ದುಡ್ಡು ತಗೊಂಡು ಮಾಡೋ ಹಾಗಿಲ್ಲ.

ಹಾಗಂತ ಏನೂ ನಡೀತಿಲ್ಲ ಅಂತಲ್ಲ. 2023ರಲ್ಲಿ ಅಮೆರಿಕದ ಬಾಸ್ಟನ್ ಚಿಲ್ಡ್ರನ್ಸ್ ಆಸ್ಪತ್ರೆಯ ತಂಡ ನೇಚರ್ ಪತ್ರಿಕೆಯಲ್ಲಿ ಒಂದು ಕೆಲಸ ಪ್ರಕಟಿಸ್ತು, 235 ಜನ ಎ-ಟಿ ರೋಗಿಗಳ ಪೂರ್ತಿ ಜೀನೋಮ್ ಓದಿ ನೋಡಿದ್ರು, ಕೆಲವರಲ್ಲಿ ದೋಷ ಎಂಥದ್ದಂದ್ರೆ ಜೀನ್ ಸಂದೇಶವನ್ನ ಕತ್ತರಿಸಿ ಜೋಡಿಸೋ ಹಂತದಲ್ಲಿ ತಪ್ಪಾಗ್ತಿರುತ್ತೆ, ಅಂಥ ತಪ್ಪನ್ನ ಚಿಕ್ಕ ಕೃತಕ ಎಳೆಯೊಂದರಿಂದ ಮುಚ್ಚಿ ಸರಿ ಮಾಡಬಹುದು. ಇದು ಬಹುತೇಕ ಉಪಯೋಗ ಆಗಬಹುದು ಅನ್ನೋರು 9%, ಆಗಲೂಬಹುದು ಅನ್ನೋರು 6%. ಒಂದು ಪುಟ್ಟ ಮಗುವಿಗೆ ಅದರದ್ದೇ ದೋಷಕ್ಕೆ ತಕ್ಕ ಔಷಧಿ ಮಾಡಿ ಬೆನ್ನುಹುರಿ ದ್ರವಕ್ಕೆ ಕೊಟ್ಟು ಮೂರು ವರ್ಷ ಗಮನಿಸಿದ್ದಾರೆ, ಗಂಭೀರ ತೊಂದರೆ ಆಗಿಲ್ಲ. ಅದಕ್ಕೇ ನಿಮ್ಮ ಮಗನ ರಿಪೋರ್ಟ್‌ನಲ್ಲಿ ದೋಷ ಯಾವ ಥರದ್ದು ಅಂತ ಜೆನೆಟಿಕ್ಸ್ ಡಾಕ್ಟರನ್ನ ಕೇಳಿ ಬರೆದಿಟ್ಕೊಳ್ಳಿ, ಮೂಲ ರಿಪೋರ್ಟ್ ಜೋಪಾನ ಮಾಡಿ. ರೋಗಿಯ ಕೆಂಪು ರಕ್ತಕಣದೊಳಗೇ ಸ್ಟೀರಾಯ್ಡ್ ತುಂಬಿಸಿ ವಾಪಸ್ ಕೊಡೋ ಚಿಕಿತ್ಸೆ ದೊಡ್ಡ ಟ್ರಯಲ್‌ನಲ್ಲಿ ಮುಖ್ಯ ಗುರಿ ಮುಟ್ಟಲಿಲ್ಲ. ಅಸಿಟೈಲ್ ಲ್ಯೂಸಿನ್ ಅನ್ನೋ ಔಷಧಿಯನ್ನೂ ಈ ಮಕ್ಕಳಲ್ಲಿ ಟ್ರಯಲ್ ಮಾಡಿದ್ದಾರೆ, ಪ್ರತಿ ವಿಸಿಟ್‌ನಲ್ಲೂ ಅದರ ಬಗ್ಗೆ ನ್ಯೂರಾಲಜಿಸ್ಟನ್ನ ಕೇಳ್ತಿರಿ. ಫಿಸಿಯೋಥೆರಪಿ ಮಾತ್ರ ನಿಲ್ಲಿಸಬೇಡಿ. ಹತ್ತು ವರ್ಷದ ಹೊತ್ತಿಗೆ ಬಹಳ ಮಕ್ಕಳಿಗೆ ವೀಲ್‌ಚೇರ್ ಬೇಕಾಗುತ್ತೆ, ಶಾಲೆಯಲ್ಲಿ ರ‍್ಯಾಂಪ್, ಟಾಯ್ಲೆಟ್ ಬಗ್ಗೆ ಈಗಲೇ ಮಾತಾಡಿ.

ಶಾಲೆ ಅಂದಾಗ ನೆನಪಾಯ್ತು, ಮೇಷ್ಟ್ರುಗಳಿಗೆ ಇದನ್ನ ಹೇಳಿ: ಮಾತು ನಿಧಾನ, ಮುಖದಲ್ಲಿ ಭಾವನೆ ಮೂಡೋದು ನಿಧಾನ, ಕಣ್ಣು ಸಾಲಿನಿಂದ ಸಾಲಿಗೆ ಹೊರಳೋದು ಕಷ್ಟ, ಆದ್ರೆ ಹುಡುಗನಿಗೆ ಅರ್ಥ ಆಗ್ತಿರುತ್ತೆ. ಪ್ರಶ್ನೆ ಕೇಳಿ ಸ್ವಲ್ಪ ಹೊತ್ತು ಕಾದ್ರೆ ಉತ್ತರ ಬರುತ್ತೆ. ದೊಡ್ಡ ಅಕ್ಷರ, ಬರೆಯೋಕೆ ಸಹಾಯಕರು, ಪರೀಕ್ಷೆಯಲ್ಲಿ ಹೆಚ್ಚಿನ ಟೈಮ್, ಇವೆಲ್ಲ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಡಿ ಕೇಳಬಹುದಾದ್ದು, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿ.

ಮದುವೆ ವಿಷಯ. ನೀವಾಗಲಿ ನಿಮ್ಮ ಯಜಮಾನರಾಗಲಿ ತಪ್ಪು ಮಾಡಿಲ್ಲ, ಲೆಕ್ಕ ಏನು ಅಂತ ಮಾತ್ರ ಹೇಳ್ತೀನಿ. ನೂರು ಜನರಲ್ಲಿ ಸುಮಾರು ಒಬ್ಬರು ಈ ಜೀನಿನ ಒಂದು ಕೆಟ್ಟ ಪ್ರತಿ ಇಟ್ಕೊಂಡು ಏನೂ ಗೊತ್ತಾಗದೆ ಬದುಕ್ತಿರ್ತಾರೆ. ಸಂಬಂಧ ಇಲ್ಲದ ಇಬ್ಬರು ಮದುವೆಯಾದ್ರೆ ಕಾಯಿಲೆ ಇರೋ ಮಗು ಹುಟ್ಟೋ ಸಂಭವ ಸುಮಾರು 40,000ಕ್ಕೆ ಒಂದು. ಸೋದರಮಾವನಲ್ಲಿ ಅಂಥ ಪ್ರತಿ ಇದ್ರೆ ಅಕ್ಕನ ಮಗಳಲ್ಲೂ ಅದೇ ಇರೋ ಸಂಭವ ನಾಲ್ಕರಲ್ಲಿ ಒಂದು, ಹಾಗಾಗಿ ಒಟ್ಟು ಸಂಭವ ಸುಮಾರು 1,600ಕ್ಕೆ ಒಂದು ಆಗುತ್ತೆ. ಹೆಚ್ಚು ಅನ್ನೋದು ನಿಜ. ನಮ್ಮ ಕರ್ನಾಟಕದಲ್ಲಿ ಈಗಲೂ ಸುಮಾರು ಕಾಲು ಭಾಗ ಮದುವೆಗಳು ರಕ್ತಸಂಬಂಧದಲ್ಲೇ ಆಗೋದು, ಅವರಲ್ಲಿ ಬಹುಪಾಲು ಮನೆಗಳಲ್ಲಿ ಮಕ್ಕಳು ಚೆನ್ನಾಗೇ ಇದ್ದಾರೆ, ಅದೂ ನಿಜ. ನಿಮ್ಮನ್ನ ಚುಚ್ಚಿ ಮಾತಾಡೋರು ಯಾರಾದ್ರೂ ಇದ್ರೆ, ಆ ಕೆಟ್ಟ ಪ್ರತಿ ನಿಮ್ಮಿಬ್ಬರಿಗೂ ಬಂದಿರೋದು ಹಿರಿಯರಿಂದ, ಅವರಿಗೂ ಅದು ಗೊತ್ತಿರಲಿಲ್ಲ ಅಂತ ಹೇಳಿ.

ಮಗಳ ವಿಷಯಕ್ಕೆ ಬಂದ್ರೆ, ಕಾಯಿಲೆ ಇರೋ ಸಂಭವ ನಾಲ್ಕರಲ್ಲಿ ಒಂದು. ಎರಡು ವರ್ಷ ತುಂಬಿರೋದರಿಂದ ಆಲ್ಫಾ ಫೀಟೋಪ್ರೋಟೀನ್ ಮಾಡಿಸಬಹುದು, ಅದಕ್ಕೂ ಚಿಕ್ಕ ಮಕ್ಕಳಲ್ಲಿ ಅದು ಹೇಗೂ ಹೆಚ್ಚೇ ಇರೋದರಿಂದ ನಂಬೋಕಾಗಲ್ಲ. ಅಣ್ಣನ ದೋಷ ಗೊತ್ತಿರೋದರಿಂದ ನೇರ ಜೀನ್ ಪರೀಕ್ಷೆಯನ್ನೂ ಮಾಡಬಹುದು, ನನ್ನ ಅಭಿಪ್ರಾಯದಲ್ಲಿ ಮಾಡಿಸೋದೇ ಒಳ್ಳೇದು, ಕಾಯಿಲೆ ಇದ್ರೆ ರೇಡಿಯೇಷನ್ನು, ಲಸಿಕೆ, ಸೋಂಕಿನ ಎಚ್ಚರಿಕೆ ಈಗಿಂದಲೇ ಶುರು ಮಾಡಬಹುದು. ಆದ್ರೆ ಆ ಪರೀಕ್ಷೆಯಲ್ಲಿ ಅವಳು ಬರೀ ಒಂದು ಕೆಟ್ಟ ಪ್ರತಿ ಇರೋಳು ಅಂತಲೂ ಗೊತ್ತಾಗಬಹುದು, ಅದನ್ನ ಅವಳು ದೊಡ್ಡವಳಾದ ಮೇಲೆ ಹೇಗೆ ಹೇಳ್ತೀರಿ ಅನ್ನೋದನ್ನ ಮೊದಲೇ ಜೆನೆಟಿಕ್ ಕೌನ್ಸೆಲರ್ ಹತ್ರ ಮಾತಾಡಿಕೊಳ್ಳಿ. ಬೆಂಗಳೂರಲ್ಲಿ ನಿಮ್ಹಾನ್ಸ್, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಈ ಜಾಗಗಳಲ್ಲಿ ಇಂಥ ಕೆಲಸ ತಿಳಿದೋರು ಇದ್ದಾರೆ.

ಇನ್ನು ನಿಮ್ಮದು. ಒಂದು ಪ್ರತಿ ಕೆಟ್ಟಿರೋ ಹೆಂಗಸರಿಗೆ ಸ್ತನ ಕ್ಯಾನ್ಸರ್ ಸಂಭವ ಬೇರೆಯವರಿಗಿಂತ ಎರಡು ಪಟ್ಟಿನಷ್ಟು, ಜೀವಮಾನದಲ್ಲಿ 20ರಿಂದ 30% ಅಂತ ಲೆಕ್ಕ. ಮಗ ಹೋಮೋಜೈಗಸ್ ಆಗಿರೋದರಿಂದ ನೀವು ಒಂದು ಕೆಟ್ಟ ಪ್ರತಿ ಇಟ್ಕೊಂಡಿದ್ದೀರಿ ಅನ್ನೋದು ಹೆಚ್ಚುಕಡಿಮೆ ಖಚಿತ. ಮತ್ತೆ ಒಂದೇ ಮನೆತನದ ಕೆಟ್ಟ ಪ್ರತಿ ನಿಮ್ಮ ಯಜಮಾನರಿಗೂ ನಿಮಗೂ ಬಂದಿದೆ ಅಂದ್ರೆ ನಿಮಗೆ ಅದು ತಲುಪಿದ್ದು ನಿಮ್ಮ ಯಜಮಾನರ ಅಕ್ಕನಿಂದ, ಅಂದ್ರೆ ನಿಮ್ಮ ತಾಯಿಯಿಂದ ಇರೋ ಸಾಧ್ಯತೆಯೇ ಹೆಚ್ಚು. ಈ ಗಡಿಬಿಡಿಯಲ್ಲಿ ಎಲ್ಲರೂ ಮಗುವನ್ನ ನೋಡ್ತಾರೆ, ಆ ಮಗುವಿನ ಅಜ್ಜಿ, ಅಂದ್ರೆ ನಿಮ್ಮ ತಾಯಿಯನ್ನ ಯಾರೂ ಕೇಳಲ್ಲ. ನಿಮ್ಮ ತಾಯಿಗೆ, ಅವರ ಅಕ್ಕತಂಗಿಯರು ಇದ್ರೆ ಅವರಿಗೂ ಆ ಒಂದು ದೋಷಕ್ಕೆ ಮಾತ್ರ ಪರೀಕ್ಷೆ ಮಾಡಿಸಿ, ಇದೆ ಅಂತ ಬಂದ್ರೆ ನಲವತ್ತು ದಾಟಿದವರು ಪ್ರತಿ ವರ್ಷ ಮ್ಯಾಮೋಗ್ರಾಂ ಮಾಡಿಸಬೇಕು, ಒಂದು ಪ್ರತಿ ಚೆನ್ನಾಗಿರೋರಿಗೆ ಆ ಅಲ್ಪ ರೇಡಿಯೇಷನ್ ಬಗ್ಗೆ ಹೆದರಿಕೆ ಬೇಡ. ನಿಮಗೆ ಯಾವ ವಯಸ್ಸಿಂದ, ಎಂಆರ್‌ಐ ಬೇಕಾ ಅನ್ನೋದನ್ನ ಡಾಕ್ಟರ್ ಜೊತೆ ಕೂತು ನಿರ್ಧರಿಸಿ.

ಮತ್ತೊಂದು ಮಗು ಬೇಕು ಅಂತ ಇದ್ರೆ ಗರ್ಭಿಣಿ ಆಗೋ ಮೊದಲೇ ಬನ್ನಿ. ನಿಮ್ಮಿಬ್ಬರ ರಕ್ತದಲ್ಲೂ ದೋಷ ಖಚಿತಪಡಿಸಿಕೊಂಡು ರಿಪೋರ್ಟ್ ರೆಡಿ ಇದ್ರೆ, 11ರಿಂದ 13ನೇ ವಾರದಲ್ಲಿ ಮಾಸಿನ ಚೂರು ತೆಗೆದು ನೋಡಬಹುದು. ಗರ್ಭ ನಿಂತ ಮೇಲೆ ಬಂದ್ರೆ ಅಪ್ಪ ಅಮ್ಮನ ಪರೀಕ್ಷೆ ಮುಗಿಯೋಷ್ಟರಲ್ಲೇ ಆ ವಾರಗಳು ಕಳೆದುಹೋಗ್ತವೆ.